ಕುರ್ಚಕ್ಕನ ಮುನ್ನೂರ ನಲವತ್ತು ಕುರ್ಚಿಗಳು

ಬೇಸಿಗೆಯ ಕೊನೆಯ ವಾರ ಬಂತೆಂದರೆ ಆ ಊರಿನಲ್ಲಿ ಯಾರ ಮನೆಗೆ ಹೋದರೂ ನಿಂತೇ ಮಾತಾಡಬೇಕು. ಕೂರಲು ಕುರ್ಚಿ ಇರುವುದಿಲ್ಲ. ಡಾಕ್ಟರ ಮನೆಯಲ್ಲೂ ಇಲ್ಲ, ದರ್ಜಿಯ ಅಂಗಡಿಯಲ್ಲೂ ಇಲ್ಲ. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವವನು ವಾರವಿಡೀ ಮಗುಚಿಟ್ಟ ಡಬ್ಬದ ಮೇಲೆ ಕೂತು ಒತ್ತುತ್ತಾನೆ. ತಾತಂದಿರು ಮೆಟ್ಟಿಲ ಮೇಲೆ, ಮಕ್ಕಳು ಕಿಟಕಿಯ ಕಟ್ಟೆಯ ಮೇಲೆ, ದಾರಿ ತಪ್ಪಿ ಅದೇ ವಾರ ಬಂದ ಹೊಸ ಅಳಿಯ ಮಂಚದ ತುದಿಯಲ್ಲಿ. ಊರಿನ ಕುರ್ಚಿಗಳೆಲ್ಲ ಮನೆ ಬಿಟ್ಟು, ಹೊಳೆಯಾಚೆಯ ಹುಲ್ಲುಗಾವಲಿಗೆ ಸಂಗೀತ ಕೇಳಲು ಹೋಗಿರುತ್ತವೆ.

ವರ್ಷಕ್ಕೊಮ್ಮೆ ಐದು ದಿನ ನಡೆಯುವ ಮೇಳ ಅದು. ಹುಲ್ಲು ಕೊಯ್ದ ಇಳಿಜಾರಿನಲ್ಲಿ ಹಾಡು, ವಾದ್ಯ, ಕುಣಿತ. ಕಾಳು ತುಂಬುವ ದೊಡ್ಡ ಕಣಜದ ಗೋಡೆಗಳ ತುಂಬ ಚಿತ್ರಗಳು. ಹಳೆಯ ಗಿರಣಿಯೊಳಗೆ ನಾಟಕ. ಮೊದಲ ವರ್ಷ ಹಾಡುವವರು ಬಂದರು, ಕೇಳುವವರೂ ಬಂದರು, ಕೂರಿಸಲು ಮಾತ್ರ ಏನೂ ಇರಲಿಲ್ಲ. ಯಾರೋ ಪುಣ್ಯಾತ್ಮರು "ಮನೆಯಿಂದ ಒಂದೊಂದು ಕುರ್ಚಿ ತನ್ನಿ" ಅಂದರು. ಅಂದದ್ದೇ ತಡ, ಊರಿಗೆ ಊರೇ ಕುರ್ಚಿ ಹೊತ್ತು ಹೊರಟಿತು. ಆ ವರ್ಷದ ಉಪಾಯ ಮುಂದಿನ ವರ್ಷ ಪದ್ಧತಿಯಾಯಿತು, ಈಗ ಅದಕ್ಕೆ ಮೂವತ್ತೊಂದು ವರ್ಷ. ತೊಂಬತ್ತಾರು ಮನೆ, ಮುನ್ನೂರ ನಲವತ್ತು ಕುರ್ಚಿ. ಕೈಯಿರುವವು, ಕೈಯಿಲ್ಲದವು, ಬೆನ್ನು ನೆಟ್ಟಗಿರುವವು, ಕೂತರೆ ಅಪ್ಪಿಕೊಳ್ಳುವವು, ಕೂತರೆ ಬೈಯುವವು. ಮೈದಾನದಲ್ಲಿ ಯಾರು ಯಾವುದರ ಮೇಲಾದರೂ ಕೂರಬಹುದು. ತನ್ನ ಮನೆಯ ಕುರ್ಚಿಯನ್ನೇ ಹುಡುಕಿಕೊಂಡು ಕೂರುವವನನ್ನು ಜುಗ್ಗ ಎಂದು ಆಡಿಕೊಳ್ಳುತ್ತಾರೆ.

ಈ ಮುನ್ನೂರ ನಲವತ್ತನ್ನೂ ಮನೆಮನೆಯಿಂದ ಎತ್ತಿ ತಂದು, ಮೇಳ ಮುಗಿದ ಮೇಲೆ ಅದೇ ಕುರ್ಚಿಯನ್ನು ಅದೇ ಮನೆಗೆ ತಲುಪಿಸುವ ಹೆಂಗಸೇ ಕುರ್ಚಕ್ಕ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ. ಆ ಹೆಸರು ಹಿಡಿದು ಕೊನೆಯ ಸಲ ಕರೆದವರು ಅವಳ ಮದುವೆ ಮಾಡಿಸಿದವರು. ಗಂಡನೂ ಕೂಡ ಈಗ ಬಾಯಿ ತಪ್ಪಿ ಕುರ್ಚಕ್ಕ ಅಂದುಬಿಡುತ್ತಾನೆ, ಅಂದಮೇಲೆ ಅರ್ಧ ದಿನ ಅವಳು ಅವನನ್ನು ಅಣ್ಣಾ ಎಂದು ಕರೆದು ಸೇಡು ತೀರಿಸಿಕೊಳ್ಳುತ್ತಾಳೆ.

ಐವತ್ತನಾಲ್ಕು ವರ್ಷ ಅವಳಿಗೆ. ಕುಳ್ಳಗೆ, ದುಂಡಗೆ, ನಡೆದರೆ ಹಿಂದೆ ಬರುವವರು ಓಡಬೇಕು. ಕುರ್ಚಿಗೆ ಬೆತ್ತ ಹೆಣೆಯುವುದು ಕಸುಬು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಒಂದು ಮೂಲೆಯಲ್ಲಿ ನೀರು ತುಂಬಿದ ಉದ್ದನೆಯ ತೊಟ್ಟಿ, ಅದರಲ್ಲಿ ನೆನೆಯುತ್ತಿರುವ ಬೆತ್ತದ ಸಿಬಿರುಗಳು. ಕಿಟಕಿಯ ಕೆಳಗೆ ತಳ ಹರಿದ ಕುರ್ಚಿಗಳು, ಆಸ್ಪತ್ರೆಯಲ್ಲಿ ಸರದಿ ಕಾಯುವವರಂತೆ. ಈ ಕೆಲಸ ಕಲಿಸಿದವಳು ಅತ್ತೆ. ಕಲಿಸಿದಳು ಅನ್ನುವುದಕ್ಕಿಂತ ಹೆಣೆದದ್ದನ್ನು ಬಿಚ್ಚಿಸಿದಳು ಅನ್ನಬೇಕು. ಸೊಸೆ ಹೆಣೆಯುವುದು, ಅತ್ತೆ ಅದರ ಮೇಲೆ ಕೂತು "ಉಹುಂ" ಅನ್ನುವುದು, ಸೊಸೆ ಬಿಚ್ಚುವುದು. ಹೀಗೆ ಎರಡು ವರ್ಷ. ಮೂರನೆಯ ವರ್ಷ ಒಂದು ದಿನ ಅತ್ತೆ ಕೂತವಳು ಏಳಲೇ ಇಲ್ಲ. ಸೊಸೆ ಗಾಬರಿಯಾಗಿ ಹತ್ತಿರ ಹೋಗಿ ನೋಡಿದರೆ ಮುದುಕಿ ಗೊರಕೆ ಹೊಡೆಯುತ್ತಿದ್ದಳು. ಅದೇ ಪ್ರಶಸ್ತಿಪತ್ರ.

ಇಷ್ಟು ಕುರ್ಚಿಗಳಲ್ಲಿ ಯಾವುದು ಯಾರದೆಂದು ಅವಳಿಗೆ ಗೊತ್ತಾಗುವುದು ಹೇಗೆ? ಸೀಮೆಸುಣ್ಣದಿಂದ. ಮನೆಯಿಂದ ಕುರ್ಚಿ ಎತ್ತುವಾಗಲೇ ಅದನ್ನು ಮಗುಚಿ, ಸೀಟಿನ ಕೆಳಗಿನ ಪಟ್ಟಿಯ ಮೇಲೆ ಆ ಮನೆಯ ಗುರುತು ಬರೆಯುತ್ತಾಳೆ. ವಾಪಸು ಕೊಡುವಾಗ ಸೆರಗಿನಿಂದ ಒರೆಸುತ್ತಾಳೆ. ಬಣ್ಣದಲ್ಲಿ ಬರೆದರೆ ಒಂದೇ ಸಲಕ್ಕೆ ಮುಗಿಯುತ್ತದಲ್ಲ ಎಂದು ನೀವು ಕೇಳಬಹುದು. ಜನ ಕುರ್ಚಿ ಬೇಕಾದರೆ ಕೊಡುತ್ತಾರೆ, ಕುರ್ಚಿಗೆ ಬಣ್ಣ ಬಳಿಯಲು ಬಿಡುವುದಿಲ್ಲ. ಇನ್ನು ಆ ಗುರುತುಗಳೋ, ದೇವರೇ ಕಾಪಾಡಬೇಕು. ದರ್ಜಿಗೆ ಕತ್ತರಿ, ಡಾಕ್ಟರಿಗೆ ಗುಳಿಗೆ, ಸರಿ. ಆದರೆ ಮೂಲೆಮನೆಯ ಮಾತುಗಾತಿಗೆ ಉದ್ದನೆಯ ನಾಲಿಗೆ. ಸದಾ ಜಗಳವಾಡುವ ಗಂಡ ಹೆಂಡಿರ ಮನೆಗೆ ಎರಡು ಕೋಳಿ. ತೊಂಬತ್ತಾರು ಮನೆಯ ತೊಂಬತ್ತಾರು ಚಾಡಿ ಊರವರ ಕುಂಡೆಯ ಕೆಳಗೇ ಇರುತ್ತಿತ್ತು, ಯಾರೂ ಬಗ್ಗಿ ನೋಡಿದವರಿಲ್ಲ. ಅದನ್ನು ನೆನೆದು ಕುರ್ಚಕ್ಕ ಸಂಗೀತದ ನಡುವೆ ಒಬ್ಬಳೇ ಕಿಸಕ್ಕನೆ ನಗುವುದುಂಟು.

ಮೇಳದ ಸಮಿತಿಗೊಬ್ಬ ಕಾರ್ಯದರ್ಶಿ. ಔಷಧಿ ಅಂಗಡಿಯ ಮಾಲೀಕ. ಬಿರುಬೇಸಿಗೆಯಲ್ಲೂ ಛತ್ರಿ ಹಿಡಿದು ನಡೆಯುವ, ಯಾವುದೇ ಮಾತನ್ನು ಮೊದಲು ದಾಖಲೆ ಪುಸ್ತಕದಲ್ಲಿ ಬರೆದು ಆಮೇಲೆ ಕೇಳಿಸಿಕೊಳ್ಳುವ ಮನುಷ್ಯ. ಕೆಟ್ಟವನಲ್ಲ, ನೆಟ್ಟಗಿನವನು. ಅವನಿಗೆ ಸೊಟ್ಟಗಿರುವುದನ್ನು ಕಂಡರೆ ಆಗುವುದಿಲ್ಲ. ಮೇಳಕ್ಕೆ ಎರಡು ತಿಂಗಳಿರುವಾಗ ಸಮಿತಿಯ ಸಭೆಯಲ್ಲಿ ಅವನು ಹಿಂದಿನ ವರ್ಷದ ಫೋಟೋ ಒಂದನ್ನು ಎತ್ತಿ ತೋರಿಸಿದ.

"ನೋಡಿ. ಮುಂದೆ ಎಂಥಾ ಕಲಾವಿದರು, ಹಿಂದೆ ಎಂಥಾ ಕುರ್ಚಿಗಳು! ಒಂದು ಎತ್ತರ, ಒಂದು ಗಿಡ್ಡ, ಒಂದು ಕರಿ, ಒಂದು ಬಿಳಿ. ಗುಜರಿ ಅಂಗಡಿ ಥರ ಕಾಣ್ತಿದೆ. ಪಟ್ಟಣದಲ್ಲಿ ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ಸಿಗುತ್ತೆ. ಎಲ್ಲಾ ಬಿಳಿ, ಎಲ್ಲಾ ಒಂದೇ ಅಳತೆ. ಲಾರೀಲಿ ತಂದು ಹಾಕ್ತಾರೆ, ಅವರೇ ತಗೊಂಡು ಹೋಗ್ತಾರೆ. ಯಾರಿಗೂ ತಲೆನೋವಿಲ್ಲ."

ಸಭೆಯಲ್ಲಿದ್ದ ಕುರ್ಚಕ್ಕನಿಗೆ ಈ ಮಾತಿನ ಅರ್ಥ ತಕ್ಷಣ ಹೊಳೆಯಿತು. ಊರಿನಲ್ಲಿ ಬೆತ್ತದ ಕುರ್ಚಿ ಇನ್ನೂ ಉಳಿದಿದ್ದರೆ ಅದು ಮೇಳದ ದೆಸೆಯಿಂದ. ಹರಿದ ಕುರ್ಚಿಯನ್ನು ಊರಿಗೆಲ್ಲ ತೋರಿಸುವ ಎದೆಗಾರಿಕೆ ಯಾರಿಗಿದೆ? ಹಾಗಾಗಿ ಮೇಳಕ್ಕೆ ಮೂರು ತಿಂಗಳಿರುವಾಗಿನಿಂದ ಒಬ್ಬೊಬ್ಬರೇ ಕುರ್ಚಿ ಹೊತ್ತು ಅವಳ ಬಾಗಿಲಿಗೆ ಬರುತ್ತಿದ್ದರು. ಮೇಳಕ್ಕೆ ಕುರ್ಚಿ ಬೇಡವೆಂದರೆ ಒಂದೆರಡು ವರ್ಷದಲ್ಲಿ ಬೆತ್ತವೆಲ್ಲ ಅಟ್ಟ ಸೇರುತ್ತದೆ, ತೊಟ್ಟಿಯ ನೀರು ಆರುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು, ಅದನ್ನು ಅವಳು ಯಾರ ಮುಂದೆಯೂ ಹೇಳುವವಳಲ್ಲ. ವರ್ಷದ ಉಳಿದ ದಿನ ಅವಳು ನೆಲದ ಮೇಲೆ ಮಂಡಿಯೂರಿ ಕೂತ ಒಬ್ಬ ಕೆಲಸಗಾರ್ತಿ. ಆ ಐದು ದಿನ ಮಾತ್ರ ರಾಣಿ. ಇಡೀ ಊರು ಅವಳು ಹಾಕಿದಲ್ಲಿ ಕೂರುತ್ತಿತ್ತು.

ಅವಳು ಎದ್ದು ನಿಂತಳು. "ಕಾರ್ಯದರ್ಶಿಗಳೇ, ನಿಮಗೆ ಕುರ್ಚಿ ಮಿಂಚಬೇಕು ತಾನೇ? ಈ ವರ್ಷ ಮಿಂಚಿಸ್ತೀನಿ. ಇನ್ನು ತಲೆನೋವಿನ ಮಾತು. ನಾನು ಈ ಕೆಲಸ ಹಿಡಿದ ಇಪ್ಪತ್ತೆರಡು ವರ್ಷದಲ್ಲಿ ಒಂದಾದ್ರೂ ಕುರ್ಚಿ ಮನೆ ತಪ್ಪಿದ್ಯಾ? ಬರ್ಕೊಳ್ಳಿ. ಈ ಸಲ ಒಂದೇ ಒಂದು ಮನೆಯವರು 'ನಮ್ಮ ಕುರ್ಚಿ ನಮಗೆ ಬರಲಿಲ್ಲ' ಅಂದ್ರೆ, ಮುಂದಿನ ವರ್ಷ ನಿಮ್ಮ ಪ್ಲಾಸ್ಟಿಕ್ ತರಿಸಿ. ಲಾರಿಯಿಂದ ನಾನೇ ಇಳಿಸಿಕೊಡ್ತೀನಿ."

ಕಾರ್ಯದರ್ಶಿ ಅಕ್ಷರ ಬಿಡದೆ ಬರೆದುಕೊಂಡ. ಯಾರೂ ಕೇಳದಿದ್ದರೂ ಸವಾಲು ಹಾಕುವುದು ನಮ್ಮ ಕುರ್ಚಕ್ಕನ ಹುಟ್ಟುಗುಣ, ಅದಕ್ಕೆ ಔಷಧಿ ಅಂಗಡಿಯಲ್ಲೂ ಮದ್ದಿಲ್ಲ.

ಮಿಂಚಿಸುವ ಕೆಲಸಕ್ಕೆ ತಂಗಿಯನ್ನು ಕರೆದಳು. ಅಲ್ಲೇ ಆಯಿತು ಯಡವಟ್ಟು. ತಂಗಿಯದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಮೂವತ್ತು ವರ್ಷದಿಂದ ಊರಿನ ಕಲೆಗಳ ಮೇಲೆ ಯುದ್ಧ ಸಾರಿದವಳು. ಎಲ್ಲೇ ಕಲೆ ಕಂಡರೂ ಅವಳ ಕೈ ಸುಮ್ಮನಿರುವುದಿಲ್ಲ, ಮಾತಾಡುತ್ತಾ ಮಾತಾಡುತ್ತಾ ಎದುರಿನವರ ಅಂಗಿಯ ಕಾಲರನ್ನು ಉಜ್ಜುತ್ತಿರುತ್ತಾಳೆ. ಮೇಳಕ್ಕೆ ಎರಡು ದಿನ ಮೊದಲು, ಗುರುತು ಹಾಕಿದ ಕುರ್ಚಿಗಳೆಲ್ಲ ಕಣಜದ ಅಂಗಳದಲ್ಲಿ ನಿಂತಿದ್ದಾಗ ಕುರ್ಚಕ್ಕ ಒಂದು ಡಬ್ಬ ಎಣ್ಣೆ, ಒಂದು ಮೂಟೆ ಹಳೆಬಟ್ಟೆ ಕೊಟ್ಟು, "ಕಾಲು, ಕೈ, ಬೆನ್ನು, ಎಲ್ಲಾ ತಿಕ್ಕೇ. ಒಂದಿಂಚೂ ಬಿಡಬೇಡ" ಎಂದು ಹೇಳಿ, ಗಂಡನ ಬಸ್ಸಿನಲ್ಲಿ ಕೊನೆಯ ಕಂತಿನ ಕುರ್ಚಿ ತರಲು ಹೊರಟುಹೋದಳು. ಬಸ್ಸು ಓಡಿಸುವ ಗಂಡ ವರ್ಷಕ್ಕೆ ಎರಡು ದಿನ ರಜೆ ಹಾಕಿ ಪ್ರಯಾಣಿಕರ ಬದಲು ಕುರ್ಚಿ ಸಾಗಿಸುತ್ತಾನೆ. ಕುರ್ಚಿಗಳೇ ವಾಸಿ, ಸ್ಟಾಪು ಬಂದಾಗ ಕಿರುಚುವುದಿಲ್ಲ ಎನ್ನುತ್ತಾನೆ. ಕೊನೆಯ ಕಂತಿಗೂ ಅವಳು ಗುರುತು ಹಾಕಿಯೇ ತಂದಳು, ತಂದು ತಂಗಿಯ ಮುಂದೆ ಇಳಿಸಿದಳು.

ತಂಗಿ ಅಂಗಡಿಯ ನಾಲ್ವರು ಹೆಂಗಸರನ್ನು ಕೂಡಿಕೊಂಡು ಎರಡು ದಿನ ತಿಕ್ಕಿದಳು. ಒಂದಿಂಚೂ ಬಿಡಲಿಲ್ಲ.

ಮೇಳದ ಮೊದಲ ದಿನ ಬೆಳಗ್ಗೆ ಹುಲ್ಲುಗಾವಲಿನಲ್ಲಿ ಮುನ್ನೂರ ನಲವತ್ತು ಕುರ್ಚಿಗಳು ಬಿಸಿಲಿಗೆ ಹೊಳೆದವು. ಹೊಸ ಮದುಮಕ್ಕಳಂತೆ ನಿಂತಿದ್ದವು. ಫೋಟೋ ತೆಗೆಯುವವನು "ಆಹಾ" ಅಂದ. ಕಾರ್ಯದರ್ಶಿ ಛತ್ರಿ ಮಡಚಿ ಎರಡು ಸಾಲುಗಳ ನಡುವೆ ನಡೆದು "ಪರವಾಗಿಲ್ಲ" ಅಂದ. ಅವನ ಬಾಯಲ್ಲಿ ಅದು ಹೊಗಳಿಕೆಯ ತುತ್ತತುದಿ. ಕುರ್ಚಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂರನೆಯ ಸಾಲಿನಲ್ಲಿ ಒಂದು ಕುರ್ಚಿ ಸ್ವಲ್ಪ ಸೊಟ್ಟಗಿತ್ತು. ಸರಿಪಡಿಸಲು ಎತ್ತಿದಳು. ಎತ್ತಿದವಳು ಅಭ್ಯಾಸಬಲದಿಂದ ಕೆಳಗೆ ನೋಡಿದಳು. ಗುರುತಿಲ್ಲ. ಪಕ್ಕದ್ದನ್ನು ಎತ್ತಿದಳು. ಇಲ್ಲ. ಅದರ ಪಕ್ಕದ್ದು, ಅದರ ಹಿಂದಿನದು, ಆಚೆ ಸಾಲಿನದು. ಬಾಲ ಸುಟ್ಟ ಬೆಕ್ಕಿನಂತೆ ಇಡೀ ಮೈದಾನ ಓಡಾಡಿದಳು. ಕತ್ತರಿ ಇಲ್ಲ, ಗುಳಿಗೆ ಇಲ್ಲ, ನಾಲಿಗೆ ಇಲ್ಲ, ಕೋಳಿಗಳೂ ಹಾರಿಹೋಗಿದ್ದವು.

"ಏನೇ ಮಾಡಿದೆ?" ಎಂದು ತಂಗಿಯ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು.

"ಯಾಕೆ, ಚೆನ್ನಾಗಿಲ್ವಾ? ಕೆಳಗಡೆಯೆಲ್ಲಾ ಯಾರೋ ಗಲೀಜು ಮಾಡಿದ್ರು ಕಣಕ್ಕಾ, ಬಿಳೀ ಬಿಳೀ ಗೀಚಿದ್ರು. ಎಣ್ಣೆ ಹಾಕಿ ತಿಕ್ಕಿ ತಿಕ್ಕಿ ತೆಗೆಯೋ ಹೊತ್ತಿಗೆ ನಮ್ಮ ಕೈ ಬಿದ್ದೋಯ್ತು. ಒಂದರಲ್ಲಿ ಇಷ್ಟುದ್ದ ನಾಲಿಗೆ ಬೇರೆ, ಛೀ!"

ಕುರ್ಚಕ್ಕ ಬೈಯಲು ಬಾಯಿ ತೆರೆದಳು. ಬೈಗುಳ ಬರಲಿಲ್ಲ. ಬಂದದ್ದು ನಗು. ತಡೆಯಲಾಗದ, ಹೊಟ್ಟೆ ಹಿಡಿದುಕೊಳ್ಳುವಂಥ, ಹೆದರಿಕೆಯ ನಗು. ಏನೆಂದು ಗೊತ್ತಿಲ್ಲದೆಯೂ ತಂಗಿ ಜೊತೆಗೂಡಿದಳು. ಅಕ್ಕತಂಗಿಯರು ಹುಲ್ಲಿನ ಮೇಲೆ ಕುಸಿದು ಕೂತು ನಕ್ಕದ್ದನ್ನು ದೂರದಿಂದ ನೋಡಿದ ಕಾರ್ಯದರ್ಶಿ, ಕೆಲಸ ಸುಸೂತ್ರವಾಗಿ ಆದ ಸಂತೋಷ ಎಂದುಕೊಂಡ.

ಯಾವ ಮನೆಯಿಂದ ಎಷ್ಟು ಕುರ್ಚಿ ಬಂದಿದೆ ಎಂಬ ಪಟ್ಟಿ ಅವಳಲ್ಲಿತ್ತು. ಯಾವುವು ಎಂಬುದು ಸೀಮೆಸುಣ್ಣದಲ್ಲಿ ಮಾತ್ರ ಇತ್ತು. ತಾನೇ ಹೆಣೆದ ನೂರಿಪ್ಪತ್ತು ಸೀಟುಗಳನ್ನು ಬೆರಳು ಆಡಿಸಿಯೇ ಹೇಳಬಲ್ಲಳು. ಉಳಿದ ಇನ್ನೂರ ಇಪ್ಪತ್ತು ಅತ್ತೆಯ ಕಾಲದವು, ಪಕ್ಕದೂರಲ್ಲಿ ಹೆಣೆಸಿದವು, ಹಲಗೆಯವು, ಎಣ್ಣೆ ಕುಡಿದು ಎಲ್ಲವೂ ಈಗ ಒಂದೇ ಬಣ್ಣ. ಎರಡು ತಿಂಗಳ ಹಿಂದೆ ಕಾರ್ಯದರ್ಶಿ ಬಯಸಿದ್ದೂ ಅದನ್ನೇ.

ಹೀಗಾಗಿ ಆ ವರ್ಷದ ಮೇಳದಲ್ಲಿ ಅವಳ ಕಿವಿಗೆ ಬಿದ್ದ ಸಂಗೀತ ಅಷ್ಟರಲ್ಲೇ ಇದೆ. ಎಲ್ಲರೂ ವೇದಿಕೆಯ ಕಡೆ ನೋಡುತ್ತಿದ್ದರೆ ಅವಳು ಎಲ್ಲರ ಕುಂಡೆಗಳ ಕಡೆ ನೋಡುತ್ತಿದ್ದಳು. ಪಿಟೀಲಿನವನು ಕಣ್ಣೀರು ಬರುವಂತೆ ನುಡಿಸಿದ; ಕುರ್ಚಕ್ಕ ಐದನೇ ಸಾಲಿನ ಹಿಂದೆ ನಾಲ್ಕು ಕಾಲಲ್ಲಿ ತೆವಳುತ್ತಾ ಒಂದು ಕುರ್ಚಿಯ ಕಾಲಿನ ಗಂಟು ಎಣಿಸುತ್ತಿದ್ದಳು. ಗಿರಣಿಯ ನಾಟಕದಲ್ಲಿ ನಾಯಕ ಸಾಯುವ ಹೊತ್ತಿಗೆ ಸರಿಯಾಗಿ, "ಇದು ಡಾಕ್ಟರದ್ದೇ!" ಎಂದು ಕೂಗಿಬಿಟ್ಟಳು. ಸಾಯುತ್ತಿದ್ದ ನಾಯಕನಿಗೂ ಆಸೆ ಬಂತೋ ಏನೋ, ಒಂದು ಕಣ್ಣು ತೆರೆದು ನೋಡಿದ. ನಾಲ್ಕು ದಿನದಲ್ಲಿ ಇನ್ನೊಂದು ಮೂವತ್ತರ ಗುರುತು ಹತ್ತಿತು. ನೂರ ತೊಂಬತ್ತು ಉಳಿದವು.

ನಾಲ್ಕನೆಯ ದಿನ ಸಂಜೆ ದರ್ಜಿ ಬಂದು ಒಂದು ಕುರ್ಚಿಯ ಮೇಲೆ ಕೂತ. ಊರಿನ ಹೆಸರಾಂತ ಜುಗ್ಗ ಅವನು. ಕೂತು ಸ್ವಲ್ಪ ಅಲ್ಲಾಡಿದ, ಮೂಗು ಸುಕ್ಕು ಮಾಡಿ ಎದ್ದ. ಇನ್ನೊಂದರಲ್ಲಿ ಕೂತ, ಎದ್ದ. ಮೂರನೆಯದರಲ್ಲಿ ಕೂತು "ಹಾ" ಎಂದು ಉಸಿರುಬಿಟ್ಟು ಕಾಲು ಚಾಚಿದ.

"ಏನಪ್ಪಾ, ಸೋಫಾ ಅಂಗಡಿಗೆ ಬಂದಿದ್ದೀಯಾ?" ಎಂದಳು ಕುರ್ಚಕ್ಕ.

"ಇದು ನಮ್ದು."

"ಹೇಗೆ ಗೊತ್ತು?"

"ಇಪ್ಪತ್ತು ವರ್ಷ ಇದರ ಮೇಲೆ ಕೂತು ಬಟನ್ ಹಾಕಿದ್ದೀನಿ. ನಂಗೆ ಗೊತ್ತಾಗದೇ ಇರ್ಬಹುದು, ನನ್ನ ಸೊಂಟಕ್ಕೆ ಗೊತ್ತಾಗಲ್ವಾ?"

ಕುರ್ಚಕ್ಕ ಅವನ ಬೋಳುತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆತ್ತಿಗೆ ಲೊಚಕ್ಕನೆ ಮುತ್ತು ಕೊಟ್ಟಳು. ದರ್ಜಿ ಕಕ್ಕಾಬಿಕ್ಕಿಯಾದ. ಅವನ ಹೆಂಡತಿ ಎರಡು ಸಾಲು ಹಿಂದೆಯೇ ಇದ್ದಳು, ಅದರ ಕಥೆ ಬೇರೆ.

ಕೊನೆಯ ದಿನ, ಇನ್ನೂ ಬಿಸಿಲಿರುವಾಗಲೇ ಕೊನೆಯ ಕಾರ್ಯಕ್ರಮ. ಪಿಟೀಲು, ಕೊಳಲು, ಡೋಲಿನ ತಂಡ. ತಂಡದ ಯಜಮಾನಿ ಡೋಲು ಬಾರಿಸುವವಳು, ಆಳೆತ್ತರದ ಹೆಂಗಸು, ನಕ್ಕರೆ ಡೋಲಿಗಿಂತ ಜೋರು. ಕುರ್ಚಕ್ಕ ಬೆಳಗ್ಗೆಯೇ ಅವಳ ಕಿವಿಯಲ್ಲಿ ಏನೋ ಊದಿದ್ದಳು. ಕೊನೆಯ ಚಪ್ಪಾಳೆ ಮುಗಿದು ಜನ ಏಳುವಷ್ಟರಲ್ಲಿ ಡೋಲಿನವಳು ಢಂ ಎಂದು ಒಂದು ಪೆಟ್ಟು ಕೊಟ್ಟಳು. ಕುರ್ಚಕ್ಕ ಸೆರಗು ಬಿಗಿದು ವೇದಿಕೆ ಹತ್ತಿದಳು.

ಇಪ್ಪತ್ತೆರಡು ವರ್ಷದಲ್ಲಿ ಅವಳು ಕುರ್ಚಿಗಳನ್ನು ನೋಡಿದ್ದು ಹಿಂದಿನಿಂದ, ಈಗ ಮುಂದಿನಿಂದ ನೋಡಿದಳು. ಎಲ್ಲರ ಮುಖವೂ ಅವಳ ಕಡೆಗೇ ಇತ್ತು. ಸುಳ್ಳು ಹೇಳಿಬಿಡೋಣ, ಇದೊಂದು ಆಟ ಅಂದರೆ ಸಾಕು ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಅಷ್ಟು ಮುಖಗಳನ್ನು ಒಟ್ಟಿಗೆ ನೋಡಿದಾಗ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ನೋಡಿ," ಎಂದಳು, "ತಪ್ಪು ನಂದು. ಮಿಂಚಿಸ್ತೀನಿ ಅಂತ ಜಂಬ ಕೊಚ್ಚಿಕೊಂಡೆ. ಮಿಂಚಿಸೋ ಭರದಲ್ಲಿ ಗುರುತೆಲ್ಲಾ ಅಳಿಸಿಹೋಯ್ತು. ಅರ್ಧಕ್ಕರ್ಧ ಕುರ್ಚಿ ಯಾರದು ಅಂತ ನಂಗೆ ಗೊತ್ತಿಲ್ಲ."

ಯಾರೋ ಹಿಂದಿನಿಂದ ಪುಸಕ್ಕೆಂದರು, ಇನ್ಯಾರೋ ಸೇರಿದರು, ನಗು ಇಳಿಜಾರಿನುದ್ದಕ್ಕೂ ಹರಿದು ಮುಂದಿನ ಸಾಲಿಗೆ ಬಂತು. ಕಾರ್ಯದರ್ಶಿ ಮಾತ್ರ ನಗಲಿಲ್ಲ. ಎದ್ದು ದಾಖಲೆ ಪುಸ್ತಕ ಬಿಡಿಸಿದ.

"ಸಭೆಯಲ್ಲಿ ನೀವೇ ಹೇಳಿದ ಮಾತಿದೆ. ಓದ್ಲಾ?"

"ಓದಿ. ನಾನು ಹಿಂದೆ ತಗೊಳ್ಳಲ್ಲ." ಅವನು ಓದಿದ. ಇಡೀ ಊರು ಕೇಳಿತು. ಒಂದೇ ಒಂದು ಮನೆಯವರು ದೂರಿದರೆ ಮುಂದಿನ ವರ್ಷ ಪ್ಲಾಸ್ಟಿಕ್. ನಗು ನಿಂತಿತು. ಕುರ್ಚಕ್ಕ ಮುಂದುವರಿಸಿದಳು.

"ನಂಗೆ ಗೊತ್ತಿಲ್ಲ, ನಿಮಗೆ ಗೊತ್ತು. ನಿಮ್ಮ ತಲೆಗೆ ಗೊತ್ತಿಲ್ದೇ ಇದ್ರೂ ನಿಮ್ಮ ಸೊಂಟಕ್ಕೆ ಗೊತ್ತು. ಈಯಮ್ಮ ಡೋಲು ಬಾರಿಸ್ತಾಳೆ. ಬಾರಿಸೋವರೆಗೂ ಎಲ್ಲರೂ ಸುತ್ತಿ. ನಿಲ್ಲಿಸಿದ ತಕ್ಷಣ ಹತ್ತಿರ ಇರೋ ಕುರ್ಚಿ ಮೇಲೆ ಕೂತ್ಕೊಳ್ಳಿ. ನಿಮ್ದು ಅನ್ನಿಸಿದ್ರೆ ಎತ್ಕೊಂಡು ಈಚೆ ಬನ್ನಿ. ಅಲ್ಲ ಅನ್ನಿಸಿದ್ರೆ ಮತ್ತೆ ಸುತ್ತಿ!"

ಢಂ ಢಂ ಢಮಕ್ಕ ಎಂದು ಡೋಲು ಶುರುವಾಯಿತು. ಕೊಳಲು ಏರಿತು, ಪಿಟೀಲು ಅದರ ಹಿಂದೆ ಬಿತ್ತು. ಊರು ಒಂದು ಕ್ಷಣ ನಾಚಿಕೊಂಡು ನಿಂತಿತು. ಮೊದಲು ಹೆಜ್ಜೆ ಇಟ್ಟವಳು ಡಾಕ್ಟರ ತಾಯಿ, ಎಂಬತ್ತು ದಾಟಿದವಳು, ಊರುಗೋಲು ಹಿಡಿದು ತಾಳಕ್ಕೆ ಸರಿಯಾಗಿ. ಅವಳು ಹೊರಟ ಮೇಲೆ ಸುಮ್ಮನೆ ನಿಲ್ಲಲು ಯಾರಿಗೆ ಮುಖವಿದೆ? ಮುನ್ನೂರು ಜನ ಸುತ್ತತೊಡಗಿದರು. ಅತ್ತೆಯ ಹಿಂದೆ ಸೊಸೆ, ಸೊಸೆಯ ಹಿಂದೆ ಅಂಚೆಯವನು, ಅವನ ಹಿಂದೆ ಮೇಳಕ್ಕೆಂದು ಬಂದ, ಕುರ್ಚಿಯೇ ಇಲ್ಲದ ಹೊರಗಿನವರು. ಸುಮ್ಮನೆ ಸುತ್ತಲು ಅವರಿಗೂ ಖುಷಿ. ಡೋಲು ಗಕ್ಕನೆ ನಿಂತಿತು. ಧಡಧಡನೆ ಎಲ್ಲರೂ ಕೂತರು. ಇಬ್ಬರು ಒಂದೇ ಕುರ್ಚಿಗೆ ಬಿದ್ದರು, ಮೂವರು ಹುಲ್ಲಿಗೆ ಬಿದ್ದರು.

"ಅಲ್ಲ!" "ಇದೂ ಅಲ್ಲ!" "ಅಯ್ಯೋ, ಇದು ಚುಚ್ಚುತ್ತೆ, ಯಾರದ್ರೀ ಇದು?" "ಏಳ್ರೀ, ನೀವು ಕೂತಿರೋದು ನಮ್ದು." "ಏನ್ ಸಾಕ್ಷಿ?" "ಎಡಗೈ ಕೆಳಗೆ ನೋಡಿ, ನನ್ನ ಮೊಮ್ಮಗಳು ಹಲ್ಲು ಬರೋವಾಗ ಕಚ್ಚಿದ್ದು!" ನೋಡಿದರೆ ನಿಜವಾಗಿಯೂ ಎರಡು ಪುಟ್ಟ ಹಲ್ಲಿನ ಗುರುತು. ಎಣ್ಣೆಗೂ ತಂಗಿಗೂ ಬಗ್ಗದ ಗುರುತು ಅದು. ಮೈದಾನವೆಲ್ಲ ಚಪ್ಪಾಳೆ.

ಮತ್ತೆ ಡೋಲು, ಮತ್ತೆ ಸುತ್ತು. ಮೂರನೆಯ ಸುತ್ತಿಗೆ ಜನ ಕುಣಿಯಲು ಶುರುಮಾಡಿದ್ದರು. ಸದಾ ಜಗಳವಾಡುವ ಗಂಡ ಹೆಂಡತಿ ಒಂದೇ ಕುರ್ಚಿಯ ಮೇಲೆ ಅಂಟಿಕೊಂಡು ಕೂತು, ಇದು ನಮ್ಮದೇ ಎಂದು ಮದುವೆಯಾದಂದಿನಿಂದ ಮೊದಲ ಸಲ ಒಂದೇ ಮಾತು ಆಡಿದರು. ಮೂಲೆಮನೆಯ ಮಾತುಗಾತಿ ಹನ್ನೊಂದು ಕುರ್ಚಿಗಳ ಮೇಲೆ ಕೂತು ಹನ್ನೊಂದರ ಬಗ್ಗೆಯೂ ಅಭಿಪ್ರಾಯ ಹೇಳಿದಳು. ತಂಗಿ ಎಲ್ಲಿ ಎಣ್ಣೆ ಸರಿಯಾಗಿ ಹತ್ತಿಲ್ಲವೋ ಅಲ್ಲಿ ತಿಕ್ಕುತ್ತಾ ಹಿಂದೆ ಹಿಂದೆ ಓಡುತ್ತಿದ್ದಳು. ಕುರ್ಚಕ್ಕ ವೇದಿಕೆಯಿಂದ ಇಳಿದು ಪಟ್ಟಿ ಹಿಡಿದು ಮನೆಮನೆಯ ಲೆಕ್ಕಕ್ಕೆ ಅಡ್ಡಗೆರೆ ಎಳೆಯುತ್ತಾ ಹೋದಳು. ಮುನ್ನೂರ ನಲವತ್ತು ಇನ್ನೂರಕ್ಕೆ ಇಳಿಯಿತು, ನೂರಕ್ಕೆ, ಮೂವತ್ತಕ್ಕೆ.

ಆಗ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಡಾಕ್ಟರು ಹೊತ್ತುಕೊಂಡು ಹೋಗುತ್ತಿದ್ದ ಒಂದು ಕುರ್ಚಿ ಡಾಕ್ಟರದ್ದಲ್ಲ, ಅಂಚೆಯವನದು; ಆ ಹೆಣಿಗೆ ಅವಳದೇ, ಅವಳಿಗೆ ಗೊತ್ತು. ಅಂಚೆಯವನ ಬಳಿ ಇದ್ದದ್ದು ದರ್ಜಿಯದು. ದರ್ಜಿಯ ಬಗಲಲ್ಲಿದ್ದದ್ದು, ಸೊಂಟದ ಮಾತು ಅಷ್ಟು ದೊಡ್ಡದಾಗಿ ಆಡಿದವನ ಬಗಲಲ್ಲಿದ್ದದ್ದು, ಡಾಕ್ಟರದು! ಕೂಗಿ ಹೇಳಬೇಕೆಂದು ಹೊರಟವಳು ಅವರ ಮುಖ ನೋಡಿ ನಿಂತಳು. ಮೂವರ ಮುಖದಲ್ಲೂ ಒಂದೇ ನಗು. ಕೊಟ್ಟದ್ದಕ್ಕಿಂತ ಒಳ್ಳೆಯದು ಸಿಕ್ಕಿದೆ, ಯಾರಿಗೂ ತಿಳಿಯುವ ಮುಂಚೆ ಮನೆ ಸೇರೋಣ ಎನ್ನುವ ಕಳ್ಳನಗು. ಸುತ್ತ ನೋಡಿದರೆ ಅರ್ಧ ಊರು ಹಾಗೇ ನಗುತ್ತಾ, ಬೇಗ ಬೇಗ ಹೆಜ್ಜೆ ಹಾಕುತ್ತಿತ್ತು. ಎಲ್ಲರಿಗೂ ಲಾಭ, ಯಾರಿಗೂ ನಷ್ಟವಿಲ್ಲ! ಇದು ಯಾವ ಲೆಕ್ಕಕ್ಕೂ ಸಿಗದ ಮಾತು, ಆದರೆ ಕಣ್ಣಾರೆ ಕಂಡದ್ದು. ಕುರ್ಚಕ್ಕನಿಗೆ ತಲೆ ಗಿರ್ರೆಂದಿತು. ಗೆದ್ದೆ ಎನ್ನುವ ಖುಷಿ ಮೈಯೆಲ್ಲ ಏರಿ, ಪಕ್ಕದಲ್ಲಿ ಸಿಕ್ಕ ಗಂಡನ ಕೈ ಹಿಡಿದು ಎರಡು ಸುತ್ತು ಕುಣಿದುಬಿಟ್ಟಳು.

"ಏ, ಬಿಡೇ, ಜನ ನೋಡ್ತಾರೆ."

"ನೋಡ್ಲಿ ಬಿಡಿ!"

ಅಷ್ಟರಲ್ಲಿ ಕಾರ್ಯದರ್ಶಿ ವೇದಿಕೆಯ ಮೇಲೆ ಬಂದ. ತನ್ನ ಮನೆಯ ಆರು ಕುರ್ಚಿಗಳಲ್ಲಿ ಐದನ್ನು ಕೆಳಗೆ ಜೋಡಿಸಿಟ್ಟು, ಆರನೆಯದನ್ನು ತಾನೇ ಹೊತ್ತು ತಂದಿದ್ದ. ವೇದಿಕೆಯ ನಡುವೆ ಇಟ್ಟು, ಅದರ ಮೇಲೆ ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡ. ಕೂತವನ ಬೆನ್ನು ತಾನಾಗಿ ಹಿಂದಕ್ಕೆ ಒರಗಿತು. ಆ ಮನುಷ್ಯ ಒರಗಿ ಕೂತದ್ದನ್ನು ಊರು ಕಂಡದ್ದು ಅದೇ ಮೊದಲು.

"ನಮ್ಮಪ್ಪನ ಕುರ್ಚಿ," ಎಂದ, ಯಾರೂ ಕೇಳದಿದ್ದರೂ. ದನಿ ಮೆತ್ತಗಾಗಿತ್ತು. "ಎಷ್ಟೋ ವರ್ಷದಿಂದ ಇದರಲ್ಲಿ ಕೂತೇ ಇರಲಿಲ್ಲ. ಕೂತ ತಕ್ಷಣ ಗೊತ್ತಾಯ್ತು, ಇದೇ ಅಂತ."

ಕುರ್ಚಕ್ಕ ನೋಡಿದಳು. ಅದು ಅವಳ ಕುರ್ಚಿ.

ಅವಳ ಮನೆಯಿಂದ ಹೋದ ನಾಲ್ಕರಲ್ಲಿ ಮೂರು ಸಿಕ್ಕಿದ್ದವು. ನಾಲ್ಕನೆಯದನ್ನು ಕೊನೆಗೆ ನೋಡಿದರಾಯಿತು ಎಂದು ಬಿಟ್ಟಿದ್ದಳು. ಅದನ್ನು ಹುಡುಕಬೇಕಾದ್ದೇ ಇರಲಿಲ್ಲ, ಕತ್ತಲಲ್ಲಿ ಮುಟ್ಟಿದರೂ ಗುರುತು ಸಿಗುವಂಥದು. ಅತ್ತೆ ಗೊರಕೆ ಹೊಡೆದ ಕುರ್ಚಿ. ಆಮೇಲೆ ಅತ್ತೆ ಬೇರೆ ಯಾವುದರಲ್ಲೂ ಕೂರಲಿಲ್ಲ, ಕೊನೆಯ ದಿನದವರೆಗೂ. ಅವಳು ಹೋದ ಮೇಲೆ ಅದು ಸೊಸೆಯದಾಯಿತು. ಕೆಲಸ ಮುಗಿಸಿ ಮಂಡಿ ನೀವಿಕೊಳ್ಳುತ್ತಾ ಅದರಲ್ಲಿ ಕೂತರೆ, ಮುದುಕಿಯ ಮಡಿಲಲ್ಲಿ ಕೂತಂತೆ ಅನ್ನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಹೇಳುವಂಥ ಮಾತೂ ಅಲ್ಲ.

ಸಾಲುಗಳೆಲ್ಲ ಖಾಲಿಯಾದ ಹುಲ್ಲುಗಾವಲಿನಲ್ಲಿ ಒಂದೇ ಕುರ್ಚಿ ಉಳಿದಿತ್ತು. ಎತ್ತರದ, ನೆಟ್ಟಗಿನ, ತಳ ಜೋತುಬಿದ್ದ, ಒಂದು ಕಾಲು ಗಿಡ್ಡವಾದ ಕುರ್ಚಿ. ಕಾರ್ಯದರ್ಶಿಯ ಅಪ್ಪ ಎಷ್ಟು ನೆಟ್ಟಗಿನ ಮನುಷ್ಯನಾಗಿದ್ದನೆಂದು ಅದನ್ನು ನೋಡಿದರೇ ತಿಳಿಯುತ್ತಿತ್ತು.

ಕಾರ್ಯದರ್ಶಿ ಪುಸ್ತಕ ಬಿಡಿಸಿ ದನಿ ಎತ್ತಿದ. "ಎಲ್ಲರೂ ಕೇಳಿ. ತಮ್ಮ ಕುರ್ಚಿ ತಮಗೆ ಬರಲಿಲ್ಲ ಅನ್ನೋ ಮನೆಯವರು ಯಾರಾದ್ರೂ ಇದ್ದೀರಾ?"

ಡಾಕ್ಟರು ಅಂಚೆಯವನ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ಎರಡನೇ ಸಲ ಕೇಳ್ತಿದ್ದೀನಿ. ಯಾರಾದ್ರೂ?"

ಕುರ್ಚಕ್ಕನ ಬಾಯಿ ತೆರೆದೇ ಇತ್ತು. ಪಕ್ಕದಲ್ಲಿ ಗಂಡ ವೇದಿಕೆಯನ್ನು ನೋಡಿ, ಹುಲ್ಲಿನ ಮೇಲಿನ ಕುರ್ಚಿಯನ್ನು ನೋಡಿ, ಮತ್ತೆ ವೇದಿಕೆಯನ್ನು ನೋಡಿದ. "ಅರೇ," ಎಂದು ಶುರುಮಾಡಿದ, "ಅದು ನಮ್..."

ಅವಳು ಅವನ ಕಾಲನ್ನು ಮೈಯ ಭಾರವೆಲ್ಲ ಹಾಕಿ ತುಳಿದಳು.

"ಏನೋ ಅಂದ ಹಾಗಾಯ್ತು?" ಎಂದ ಕಾರ್ಯದರ್ಶಿ.

"ಏನಿಲ್ಲ," ಎಂದಳು ಕುರ್ಚಕ್ಕ. "ಅದು ನಮ್ಮ ಕಾರ್ಯದರ್ಶಿಗಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ ಅಂತಿದ್ದಾರೆ."

"ಮೂರನೇ ಸಲ. ಇಲ್ವಾ? ಸರಿ." ಅವನು ಬರೆದ. ಬರೆದು ಓದಿದ. "ಯಾವ ಮನೆಯಿಂದಲೂ ದೂರಿಲ್ಲ. ಮುಂದಿನ ವರ್ಷವೂ ಮನೆ ಕುರ್ಚಿಗಳೇ." ಡೋಲಿನವಳು ಢಂ ಎಂದು ಬಾರಿಸಿದಳು, ಊರು ಹೋ ಎಂದಿತು, ತಂಗಿ ಎಣ್ಣೆಬಟ್ಟೆ ಬೀಸಿದಳು. ಕಾರ್ಯದರ್ಶಿ ಕುರ್ಚಿಯನ್ನು ಮಗುವಿನಂತೆ ಎತ್ತಿಕೊಂಡು, ಛತ್ರಿಯನ್ನು ವೇದಿಕೆಯ ಮೇಲೆಯೇ ಮರೆತು, ಇಳಿದು ನಡೆದ.

ಜನವೆಲ್ಲ ಹೋದ ಮೇಲೆ ಕುರ್ಚಕ್ಕ ಉಳಿದ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬಸ್ಸಿನ ಕಡೆ ನಡೆದಳು. ಗಂಡ ಕುಂಟುತ್ತಾ ಹಿಂದೆ ಬಂದ.

"ಅದು ನಿನ್ನ ಕುರ್ಚಿ ಕಣೇ."

"ಗೊತ್ತು."

"ಅಮ್ಮ ಕೂರ್ತಿದ್ದದ್ದು."

"ಗೊತ್ತು ಕಣ್ರೀ."

"ಮತ್ತೆ ಬಾಯಿಬಿಡಬಾರದಿತ್ತಾ?"

ಅವಳು ಕುರ್ಚಿ ಇಳಿಸಿ ಅದರ ಮೇಲೆ ಕ್ರೀಕ್ ಎಂದು ಕೂತಳು. ನಗು ಬಂತು. "ಇಡೀ ಊರಲ್ಲಿ ದೂರು ಕೊಡಬೇಕಾಗಿದ್ದ ಮನೆ ಒಂದೇ ಕಣ್ರೀ," ಎಂದಳು, "ಅದು ನಮ್ದು!" ಹೇಳಿ ಮತ್ತೆ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಎಲ್ಲ ನೀರೂ ನಗುವಿನದಾಗಿರಲಿಲ್ಲ. ಗಂಡನಿಗೆ ಅದು ತಿಳಿಯಿತು, ಅವಳ ಹೆಗಲ ಮೇಲೆ ಕೈಯಿಟ್ಟು ನಿಂತ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಕುರ್ಚಿಯನ್ನು ಮಗುಚಿ, ಜೋತುಬಿದ್ದ ತಳಕ್ಕೆ ಬೆರಳು ಚುಚ್ಚಿ ನೋಡಿದಳು.

"ಬೆಳಗ್ಗೆ ಬೆತ್ತ ನೆನೆಹಾಕ್ಬೇಕು," ಎಂದಳು. "ಮುಂದಿನ ವರ್ಷ ನಮ್ಮನೆಯಿಂದ ಹರಿದ ಕುರ್ಚಿ ಕಳಿಸೋಕಾಗುತ್ತಾ?"